ತಂತಿಯಿಲ್ಲದ ಪೇಸ್‌ಮೇಕರ್: ಗಾತ್ರ ನೋಡಬೇಡಿ, ಆಯಸ್ಸು ಕೇಳಿ

"ಡಾಕ್ಟರೇ, ಈಗ ತಂತಿಯೇ ಇಲ್ಲದ ಪೇಸ್‌ಮೇಕರ್ ಬಂದಿದೆಯಂತೆ. ಎದೆ ಕೊಯ್ಯುವುದೂ ಬೇಡವಂತೆ. ನಮ್ಮ ತಂದೆಯವರಿಗೆ ಅದನ್ನೇ ಹಾಕಿಸಿದರೆ ಹೇಗೆ?"

ಮನೆಯ ಹಿರಿಯರಿಗೆ ಪೇಸ್‌ಮೇಕರ್ ಬೇಕೆಂದು ಹೃದ್ರೋಗ ತಜ್ಞರು ಹೇಳಿದ ಮರುದಿನ ಮಕ್ಕಳು ತಮ್ಮ ಕುಟುಂಬದ ವೈದ್ಯರ ಬಳಿ ಬಂದು ಕೇಳುವ ಪ್ರಶ್ನೆ ಇದು. ಪ್ರಶ್ನೆ ಸಹಜವಾದದ್ದೇ. ಹೊಸದು ಹಳೆಯದಕ್ಕಿಂತ ಒಳ್ಳೆಯದು, ಚಿಕ್ಕದು ದೊಡ್ಡದಕ್ಕಿಂತ ಒಳ್ಳೆಯದು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಆದರೆ ಹೃದಯದೊಳಗೆ ಇಡುವ ಯಂತ್ರಕ್ಕೆ ಈ ಲೆಕ್ಕ ಪೂರ್ತಿಯಾಗಿ ಹೊಂದುವುದಿಲ್ಲ. ಅಲ್ಲಿ ಗಾತ್ರದ ಜೊತೆಗೆ ಮಿತವ್ಯಯವೂ ಬೇಕು. ಎಷ್ಟು ಚಿಕ್ಕದು ಎಂದು ಕೇಳುವ ಮೊದಲು ಎಷ್ಟು ವರ್ಷ ಬಾಳುತ್ತದೆ, ಆಮೇಲೆ ಏನು ಎಂದು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಸಾಮಾನ್ಯ ವೈದ್ಯ, ಹೃದ್ರೋಗ ತಜ್ಞನಲ್ಲ. ಯಾರಿಗೆ ಯಾವ ಪೇಸ್‌ಮೇಕರ್ ಎಂದು ತೀರ್ಮಾನಿಸುವುದು ತಜ್ಞರ ಕೆಲಸ. ಅವರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ನಿಮ್ಮನ್ನು ಸಿದ್ಧಗೊಳಿಸುವುದು ನನ್ನ ಕೆಲಸ.

ಹೃದಯದ ಕರೆಂಟು

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದು ಸಣ್ಣ ಗಂಟಿದೆ. ಹೃದಯದ ಪ್ರತಿ ಮಿಡಿತವೂ ಅಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತಿನಿಂದ ಆರಂಭವಾಗುತ್ತದೆ. ಆ ವಿದ್ಯುತ್ತು ಮೊದಲು ಮೇಲಿನ ಕೋಣೆಗಳನ್ನು ಹಿಂಡುತ್ತದೆ. ನಂತರ ನಡುವಿನ ಇನ್ನೊಂದು ಗಂಟಿನಲ್ಲಿ ಸ್ವಲ್ಪ ತಡೆದು ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮೇಲಿನಿಂದ ಕೆಳಗೆ ಸಂದೇಶ ಮುಟ್ಟಲು ಬೇಕಾಗುವ ಕಾಲ ಒಂದು ಸೆಕೆಂಡಿನ ಎಂಟನೆಯ ಒಂದರಿಂದ ಐದನೆಯ ಒಂದು ಭಾಗ. ಅಷ್ಟರಲ್ಲಿ ಮೇಲಿನ ಕೋಣೆಗಳು ತಮ್ಮಲ್ಲಿ ಉಳಿದ ರಕ್ತವನ್ನು ಕೆಳಕ್ಕೆ ತಳ್ಳಿಬಿಡುತ್ತವೆ. ಕೆಳಗಿನ ಕೋಣೆ ತುಂಬಿದ ಮೇಲೆ ಹಿಂಡಿಕೊಳ್ಳುತ್ತದೆ. ಹೀಗೆ ದಿನಕ್ಕೆ ಸುಮಾರು ಒಂದು ಲಕ್ಷ ಸಲ.

ಮೊದಲ ಗಂಟು ಸೋತರೆ ನಾಡಿ ನಿಧಾನವಾಗುತ್ತದೆ. ನಡುವಿನ ದಾರಿ ಕೆಟ್ಟರೆ ಮೇಲಿನ ಸಂದೇಶ ಕೆಳಕ್ಕೆ ಮುಟ್ಟುವುದಿಲ್ಲ. ಇದಕ್ಕೆ 'ಹಾರ್ಟ್ ಬ್ಲಾಕ್' ಎನ್ನುತ್ತಾರೆ. ಇಲ್ಲಿ ಒಂದು ಗೊಂದಲ ಬಹಳ ಸಾಮಾನ್ಯ. ಆಂಜಿಯೋಗ್ರಾಮ್‌ನಲ್ಲಿ ಕಾಣುವ 'ಬ್ಲಾಕ್' ಬೇರೆ, ಇದು ಬೇರೆ. ಅದು ರಕ್ತನಾಳದಲ್ಲಿನ ಅಡಚಣೆ, ಮನೆಗೆ ಬರುವ ನೀರಿನ ಪೈಪು ಕಟ್ಟಿಕೊಂಡ ಹಾಗೆ. ಇದು ಕರೆಂಟಿನ ವೈರಿಂಗ್ ಕೆಟ್ಟ ಹಾಗೆ. ಮೊದಲಿನದಕ್ಕೆ ಸ್ಟೆಂಟು ಅಥವಾ ಬೈಪಾಸ್, ಎರಡನೆಯದಕ್ಕೆ ಪೇಸ್‌ಮೇಕರ್. ತಲೆ ಸುತ್ತುವುದು, ಇದ್ದಕ್ಕಿದ್ದಂತೆ ಕಣ್ಣು ಕತ್ತಲೆಯಾಗಿ ಬೀಳುವುದು, ನಾಲ್ಕು ಮೆಟ್ಟಿಲು ಹತ್ತಿದರೆ ವಿಪರೀತ ಸುಸ್ತು, ನಾಡಿ ನಿಮಿಷಕ್ಕೆ ನಲವತ್ತರ ಸುತ್ತ ಇರುವುದು, ಇವು ವೈರಿಂಗ್ ಕೆಟ್ಟಿರುವುದರ ಲಕ್ಷಣಗಳು. ವಯಸ್ಸಾಯಿತಲ್ಲ, ಸುಸ್ತು ಸಹಜ ಎಂದು ಮನೆಯಲ್ಲೇ ಸಮಾಧಾನ ಹೇಳಿಕೊಂಡು ಕೂರಬಾರದು. ಒಂದು ಇಸಿಜಿ ಮಾಡಿಸಿ.

ಅರವತ್ತು ವರ್ಷಗಳ ತಂತಿ

ಶರೀರದೊಳಗೆ ಪೂರ್ತಿಯಾಗಿ ಹುದುಗಿಸಿದ ಮೊದಲ ಪೇಸ್‌ಮೇಕರನ್ನು 1958ರ ಅಕ್ಟೋಬರಿನಲ್ಲಿ ಸ್ವೀಡನ್ನಿನಲ್ಲಿ ಅಳವಡಿಸಲಾಯಿತು. ಮಾಡಿದವರು ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್, ಅಳವಡಿಸಿದವರು ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಪಡೆದವರು ಆರ್ನೆ ಲಾರ್ಸನ್ ಎಂಬುವರು. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎರಕ ಹೊಯ್ದ ಆ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಆದರೆ ಲಾರ್ಸನ್ ನಿಲ್ಲಲಿಲ್ಲ. ಒಂದಾದ ಮೇಲೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಹಾಕಿಸಿಕೊಂಡು 2001ರವರೆಗೆ, ಎಂಬತ್ತಾರನೆಯ ವಯಸ್ಸಿನವರೆಗೆ ಬಾಳಿದರು. ಈ ಕಥೆಯಲ್ಲಿ ಪೇಸ್‌ಮೇಕರಿನ ಮಹಿಮೆಯೂ ಇದೆ, ಅದರ ದೌರ್ಬಲ್ಯವೂ ಇದೆ. ಜೀವ ಉಳಿಸಿದ್ದು ಯಂತ್ರ. ಮತ್ತೆ ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದೂ ಅದೇ ಯಂತ್ರ.

ಇಂದು ಎಲ್ಲೆಡೆ ಹಾಕುವ ಪೇಸ್‌ಮೇಕರ್ ಬೆಂಕಿಪೊಟ್ಟಣಕ್ಕಿಂತಲೂ ತೆಳ್ಳಗಿನ ಒಂದು ಲೋಹದ ಬಿಲ್ಲೆ. ಭುಜದ ಮೂಳೆಯ ಕೆಳಗೆ ಚರ್ಮದಡಿ ಒಂದು ಜೇಬು ಮಾಡಿ ಇಡುತ್ತಾರೆ. ಅದರಿಂದ ಹೊರಟ ಒಂದು ಅಥವಾ ಎರಡು ತಂತಿಗಳು ಅಭಿಧಮನಿಯ ಮೂಲಕ ಹೃದಯದ ಒಳಕ್ಕೆ ಹೋಗುತ್ತವೆ. ಒಂದರ ತುದಿ ಮೇಲಿನ ಕೋಣೆಯಲ್ಲಿ, ಇನ್ನೊಂದರ ತುದಿ ಕೆಳಗಿನ ಕೋಣೆಯಲ್ಲಿ. ಮೇಲಿನ ಕೋಣೆ ಮಿಡಿದದ್ದನ್ನು ಒಂದು ತಂತಿ ಬಿಲ್ಲೆಗೆ ತಿಳಿಸುತ್ತದೆ. ಬಿಲ್ಲೆ ತಕ್ಕಷ್ಟು ಕಾದು ಇನ್ನೊಂದು ತಂತಿಯಿಂದ ಕೆಳಗಿನ ಕೋಣೆಯನ್ನು ಮಿಡಿಸುತ್ತದೆ. ಬ್ಯಾಟರಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಮುಗಿದಾಗ ಜೇಬನ್ನು ತೆರೆದು ಬಿಲ್ಲೆಯನ್ನು ಮಾತ್ರ ಬದಲಾಯಿಸಿದರೆ ಸಾಕು, ಸಾಮಾನ್ಯವಾಗಿ ತಂತಿಗಳು ಹಾಗೆಯೇ ಉಳಿಯುತ್ತವೆ.

ಈ ವ್ಯವಸ್ಥೆಯ ದುರ್ಬಲ ಜಾಗಗಳೆಂದರೆ ತಂತಿ ಮತ್ತು ಜೇಬು. ತಂತಿ ಜಾರಬಹುದು, ವರ್ಷಗಳ ನಂತರ ಮುರಿಯಬಹುದು, ರಕ್ತನಾಳವನ್ನು ಕಟ್ಟಬಹುದು. ಜೇಬಿಗೆ ಸೋಂಕು ತಗಲಿ ತಂತಿಯ ಗುಂಟ ಹೃದಯಕ್ಕೂ ಇಳಿಯಬಹುದು. ನೆದರ್‌ಲೆಂಡ್ಸ್‌ನಲ್ಲಿ ಸುಮಾರು ಒಂದೂವರೆ ಸಾವಿರ ರೋಗಿಗಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳೊಳಗೆ ನೂರಕ್ಕೆ ಸುಮಾರು ಹನ್ನೆರಡು ಮಂದಿಗೆ ಒಂದಲ್ಲ ಒಂದು ತೊಡಕು ಕಂಡಿತ್ತು. ಹೆಚ್ಚಿನವು ಸರಿಪಡಿಸಬಹುದಾದವು. ಆದರೂ ತಂತಿಯನ್ನೇ ತೆಗೆದುಬಿಟ್ಟರೆ ಹೇಗೆ ಎಂದು ವೈದ್ಯರೂ ಎಂಜಿನಿಯರುಗಳೂ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತಂತಿಯ ಜೊತೆ ಮಾತೂ ಹೋಯಿತು

ಹೀಗೆ ಬಂದದ್ದು ತಂತಿಯಿಲ್ಲದ ಪೇಸ್‌ಮೇಕರ್. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಮೈಕ್ರಾ ಎಂಬ ಇಂಥ ಮೊದಲ ಸಾಧನಕ್ಕೆ ಅನುಮತಿ ನೀಡಿತು. ಉದ್ದ ಸುಮಾರು 26 ಮಿಲಿಮೀಟರ್, ದಪ್ಪ ಏಳು ಮಿಲಿಮೀಟರಿಗಿಂತ ಕಡಿಮೆ, ತೂಕ ಎರಡು ಗ್ರಾಮಿನ ಆಸುಪಾಸು. ನೋಡಲು ದೊಡ್ಡದೊಂದು ಕ್ಯಾಪ್ಸೂಲ್ ಗುಳಿಗೆಯಂತೆ. ತೊಡೆಯ ಸಂದಿನ ಅಭಿಧಮನಿಯ ಮೂಲಕ ನಳಿಕೆಯಲ್ಲಿ ಕೊಂಡೊಯ್ದು ಬಲ ಹೃತ್ಕುಕ್ಷಿಯ ಒಳಗೋಡೆಗೆ ಸಿಕ್ಕಿಸಿ ನಳಿಕೆಯನ್ನು ಹೊರಕ್ಕೆ ತೆಗೆಯುತ್ತಾರೆ. ಎದೆಯ ಮೇಲೆ ಗಾಯವಿಲ್ಲ, ಜೇಬಿಲ್ಲ, ತಂತಿಯಿಲ್ಲ. ಬ್ಯಾಟರಿ, ಸರ್ಕ್ಯೂಟು, ಮಿಡಿತ ಕೊಡುವ ತುದಿ ಎಲ್ಲವೂ ಆ ಗುಳಿಗೆಯೊಳಗೇ.

ಆದರೆ ಆ ಗುಳಿಗೆ ಇರುವುದು ಕೆಳಗಿನ ಕೋಣೆಯಲ್ಲಿ ಮಾತ್ರ. ಮೇಲಿನ ಕೋಣೆ ಯಾವಾಗ ಮಿಡಿಯಿತು ಎಂದು ಅದಕ್ಕೆ ಹೇಳುವವರಾರು? ಹಳೆಯ ಪೇಸ್‌ಮೇಕರಿನಲ್ಲಿ ತಂತಿ ಮಿಡಿತವನ್ನು ಒಯ್ಯುವುದರ ಜೊತೆಗೆ ಎರಡು ಕೋಣೆಗಳ ನಡುವಿನ ಸುದ್ದಿಯನ್ನೂ ಒಯ್ಯುತ್ತಿತ್ತು, ಅದೂ ಹೆಚ್ಚುಕಡಿಮೆ ಪುಕ್ಕಟೆಯಾಗಿ. ತಂತಿ ತೆಗೆದ ಕೂಡಲೇ ಆ ಮಾತುಕತೆಯೂ ನಿಂತಿತು.

ಕೆಲವರಿಗೆ ಇದರಿಂದ ಬಾಧಕವಿಲ್ಲ. ಹೃತ್ಕರ್ಣಗಳು ಶಾಶ್ವತವಾಗಿ ತಾಳ ತಪ್ಪಿ ಬರೀ ನಡುಗುತ್ತಿರುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಇರುವವರಲ್ಲಿ ಮೇಲಿನಿಂದ ಬರಬೇಕಾದ ಸರಿಯಾದ ಸಂದೇಶವೇ ಇರುವುದಿಲ್ಲ. ಅವರಿಗೆ ಕೆಳಗಿನ ಕೋಣೆಯ ಒಂದೇ ಗುಳಿಗೆ ಸಾಕು. ಆದರೆ ಮೇಲಿನ ಕೋಣೆ ಚೆನ್ನಾಗಿ ಕೆಲಸ ಮಾಡುತ್ತಿರುವವರಲ್ಲಿ ಕೆಳಗಿನದನ್ನು ಮಾತ್ರ ತನ್ನಿಷ್ಟದಂತೆ ಮಿಡಿಸಿದರೆ ಎರಡೂ ಒಂದಕ್ಕೊಂದು ಎದುರಾಗುತ್ತವೆ. ತುಂಬಬೇಕಾದ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಕೈತಪ್ಪಬಹುದು. ಸುಸ್ತು, ತಲೆಸುತ್ತು, ಕುತ್ತಿಗೆಯಲ್ಲಿ ಡವಗುಟ್ಟಿದ ಅನುಭವ ಆಗಬಹುದು. ಯಂತ್ರ ಸರಿಯಾಗಿದೆ, ರಿಪೋರ್ಟು ಸರಿಯಾಗಿದೆ, ರೋಗಿ ಮಾತ್ರ ಸರಿಯಾಗಿಲ್ಲ ಎಂಬ ಸ್ಥಿತಿ ಅದು.

ಇದಕ್ಕೆ ಮೊದಲ ಉಪಾಯ 2020ರಲ್ಲಿ ಬಂತು. ಮೇಲಿನ ಕೋಣೆ ಹಿಂಡಿಕೊಂಡಾಗ ಆಗುವ ಅಲುಗಾಟವನ್ನು ಕೆಳಗಿನ ಗುಳಿಗೆಯೇ ಗುರುತಿಸಿ ತಾಳ ಹೊಂದಿಸಿಕೊಳ್ಳುವ ಹಾಗೆ ಮಾಡಿದರು. ಪಕ್ಕದ ಕೋಣೆಯ ಹೆಜ್ಜೆ ಸಪ್ಪಳದಿಂದಲೇ ಯಾರು ಬಂದರೆಂದು ಊಹಿಸಿದ ಹಾಗೆ. ವಿಶ್ರಾಂತಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಬಿರುಸಾಗಿ ನಡೆದಾಗ, ನಾಡಿ ಏರಿದಾಗ ಊಹೆ ತಪ್ಪುವುದು ಹೆಚ್ಚು. ಅಲ್ಲದೆ ಅದು ಮೇಲಿನ ಕೋಣೆಯನ್ನು ಮಿಡಿಸಲಾರದು. ಅದಕ್ಕೆ ಮೇಲೊಂದು, ಕೆಳಗೊಂದು ಎರಡು ಗುಳಿಗೆಗಳೇ ಬೇಕು. ಅವೆರಡೂ ಪರಸ್ಪರ ಮಾತನಾಡಬೇಕು.

ಹೇಳುವುದಕ್ಕಿಂತ ಕೇಳುವುದೇ ದುಬಾರಿ

ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿ. ಸ್ವಲ್ಪ ಲೆಕ್ಕ ಮಾಡೋಣ, ಹೈಸ್ಕೂಲಿನ ಗಣಿತ ಸಾಕು.

ಮೈಕ್ರಾ ಗುಳಿಗೆಯ ಬ್ಯಾಟರಿಯ ಸಾಮರ್ಥ್ಯ 120 ಮಿಲಿ ಆಂಪಿಯರ್-ಗಂಟೆ. ನಿಮ್ಮ ಕೈಯಲ್ಲಿರುವ ಮೊಬೈಲಿನದು ನಾಲ್ಕೈದು ಸಾವಿರ. ಮೊಬೈಲನ್ನು ದಿನವೂ ಚಾರ್ಜ್ ಮಾಡುತ್ತೀರಿ. ಹೃದಯದೊಳಗಿನ ಗುಳಿಗೆಯನ್ನು ಹಾಗೆ ಚಾರ್ಜಿಗೆ ಹಾಕುವಂತಿಲ್ಲ. ಅದು ಹತ್ತು ವರ್ಷ, ಅಂದರೆ 87,600 ಗಂಟೆ ಬಾಳಬೇಕಾದರೆ ಸರಾಸರಿ ಖರ್ಚು 1.4 ಮೈಕ್ರೋ ಆಂಪಿಯರಿನೊಳಗೆ ಇರಬೇಕು. ಹೃದಯವನ್ನು ಮಿಡಿಸುವುದು, ಅದರ ಸ್ವಂತ ಮಿಡಿತವನ್ನು ಗಮನಿಸುವುದು, ಲೆಕ್ಕ ಇಡುವುದು ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಒಂದು ಸಣ್ಣ ಸೂಚಕ ದೀಪ ಒಂದು ಮಿಲಿ ಆಂಪಿಯರ್ ತೆಗೆದುಕೊಂಡರೂ ಅದು ಇದರ ಏಳುನೂರು ಪಟ್ಟು.

ಈಗ ಇದಕ್ಕೆ ಒಂದು ರಿಸೀವರನ್ನು, ಅಂದರೆ ಇನ್ನೊಂದು ಗುಳಿಗೆಯ ಮಾತು ಕೇಳುವ ಕಿವಿಯನ್ನು ಸೇರಿಸಬೇಕು. ಮೊಬೈಲಿನಲ್ಲಿರುವ ಬ್ಲೂಟೂತಿನಂಥ ರಿಸೀವರ್ ಕೇಳುತ್ತಿರುವಾಗ ಕೆಲವು ಮಿಲಿ ಆಂಪಿಯರ್ ನುಂಗುತ್ತದೆ. ಐದು ಎಂದೇ ಹಿಡಿಯಿರಿ. ಬಿಡುವಿಲ್ಲದೆ ಕೇಳುತ್ತಿದ್ದರೆ 120 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ 24 ಗಂಟೆಯಲ್ಲಿ ಖಾಲಿ. ಹತ್ತು ವರ್ಷದ ಪೇಸ್‌ಮೇಕರ್ ಒಂದೇ ದಿನದ್ದಾಯಿತು!

ಹೇಳುವುದಕ್ಕಿಂತ ಕೇಳುವುದಕ್ಕೇ ಹೆಚ್ಚು ಖರ್ಚೇಕೆ ಎಂದು ನೀವು ಕೇಳಬಹುದು. ಹೇಳುವವನು ಒಂದು ಕ್ಷಣ ಹೇಳಿ ಸುಮ್ಮನಾಗುತ್ತಾನೆ. ಕೇಳುವವನು, ಮಾತು ಯಾವ ಕ್ಷಣ ಬರುತ್ತದೋ ಗೊತ್ತಿಲ್ಲದ ಕಾರಣ, ಕಿವಿ ತೆರೆದುಕೊಂಡೇ ಕೂರಬೇಕು. ರಾತ್ರಿ ಕಾವಲುಗಾರನ ಸಂಬಳ ಕಳ್ಳ ಬಂದ ರಾತ್ರಿಗಷ್ಟೇ ಅಲ್ಲ, ಬಾರದ ರಾತ್ರಿಗಳಿಗೂ ಕೊಡಬೇಕಲ್ಲವೇ? ಹಾಗೆ. ಹೃದಯದಲ್ಲಿ ದಿನಕ್ಕೆ ಲಕ್ಷ ಮಿಡಿತ, ಮಿಡಿತಕ್ಕೊಂದು ಸಂದೇಶ. ಐದು ವರ್ಷಕ್ಕೆ ಹದಿನೆಂಟು ಕೋಟಿ ದಾಟುತ್ತದೆ. ಒಂದೊಂದೂ ಸೆಕೆಂಡಿನ ಸಣ್ಣದೊಂದು ಭಾಗದೊಳಗೆ ಮುಟ್ಟಬೇಕು. ತಡವಾಗಿ ಬಂದ ಸಂದೇಶ ಬಾರದ ಸಂದೇಶಕ್ಕೆ ಸಮ.

ರಕ್ತವೇ ತಂತಿ

ರೇಡಿಯೋ ಅಲೆ ಇಲ್ಲಿ ಅಷ್ಟು ಅನುಕೂಲವಲ್ಲ. ನಮ್ಮ ಶರೀರ ಉಪ್ಪುನೀರಿನ ಚೀಲ, ಅದು ರೇಡಿಯೋ ಅಲೆಯನ್ನು ಹೀರಿಕೊಳ್ಳುತ್ತದೆ. ಗುಳಿಗೆಯೊಳಗೆ ಆಂಟೆನಾ ಇಡಲು ಜಾಗವೂ ಸಾಲದು. ಆದರೆ ಅದೇ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಶತ್ರು ಎಂದುಕೊಂಡದ್ದನ್ನೇ ಮಿತ್ರನನ್ನಾಗಿ ಮಾಡಿಕೊಂಡರೆ? ಹೃದಯವನ್ನು ಮಿಡಿಸಲು ಗುಳಿಗೆಯಲ್ಲಿ ಹೇಗೂ ಲೋಹದ ತುದಿಗಳಿವೆ. ಅವುಗಳಿಂದಲೇ ಅತಿ ಸಣ್ಣ, ಅತಿ ಚುರುಕಾದ ವಿದ್ಯುತ್ ಮಿಡಿತಗಳನ್ನು ಸಂಕೇತದ ರೂಪದಲ್ಲಿ ರಕ್ತಕ್ಕೂ ಮಾಂಸಖಂಡಕ್ಕೂ ಬಿಡುವುದು, ಇನ್ನೊಂದು ಗುಳಿಗೆ ತನ್ನ ತುದಿಗಳಿಂದ ಅದನ್ನು ಹಿಡಿಯುವುದು. ಈ ಮಿಡಿತಗಳು ಎಷ್ಟು ಗಿಡ್ಡವೆಂದರೆ ಹೃದಯದ ಸ್ನಾಯುವಿಗೆ ಅವು ತಟ್ಟುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಬರ್ನ್‌ನ ಸಂಶೋಧಕರು ಹಂದಿಗಳ ಹೃದಯದಲ್ಲಿ ಈ ವಿಧಾನವನ್ನು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದ್ದರು.

ಕೇಳುವ ಸರ್ಕ್ಯೂಟಿನ ಖರ್ಚು ತಗ್ಗಿಸಲು ಎಂಜಿನಿಯರುಗಳು ಹಲವು ಜಾಣತನ ಮಾಡುತ್ತಾರೆ. ಹೃದಯದ ಮಿಡಿತಕ್ಕೆ ಒಂದು ತಾಳ ಇರುವುದರಿಂದ ಮುಂದಿನ ಸಂದೇಶ ಸುಮಾರು ಯಾವಾಗ ಬರಬಹುದೆಂದು ಅಂದಾಜು ಮಾಡಬಹುದು. ಆಗ ಮಾತ್ರ ಕಿವಿ ತೆರೆದು ಉಳಿದ ಹೊತ್ತು ಮುಚ್ಚಿದರೆ ಖರ್ಚು ಅಷ್ಟರಮಟ್ಟಿಗೆ ಇಳಿಯಿತು. ಇನ್ನೊಂದು ಉಪಾಯದಲ್ಲಿ ಬಹಳ ಅಗ್ಗದ, ಮಂದವಾದ ಒಂದು ಕಿವಿಯನ್ನು ಸದಾ ತೆರೆದಿಡುತ್ತಾರೆ. ಅದಕ್ಕೆ ಅರ್ಥ ತಿಳಿಯದು, 'ಏನೋ ಸದ್ದಾಯಿತು' ಎಂದಷ್ಟೇ ತಿಳಿಯುತ್ತದೆ. ಆಗ ಅದು ಒಳಗೆ ಮಲಗಿರುವ ಚುರುಕು ಕಿವಿಯನ್ನು ಎಬ್ಬಿಸುತ್ತದೆ. ಮನೆ ಬಾಗಿಲಲ್ಲಿ ನಾಯಿ, ಒಳಗೆ ಯಜಮಾನ ಎಂದಂತೆ. ನಾಯಿ ಸುಮ್ಮಸುಮ್ಮನೆ ಬೊಗಳಿದರೆ ಯಜಮಾನನ ನಿದ್ದೆ ಹಾಳು, ಅಂದರೆ ಬ್ಯಾಟರಿ ಹಾಳು. ಬೊಗಳದೇ ಹೋದರೆ ಮಿಡಿತ ಜೊತೆಗೂಡುವುದಿಲ್ಲ. ಈ ಎರಡರ ನಡುವೆ ಹದ ಹುಡುಕುವುದೇ ಕಡಿಮೆ ಶಕ್ತಿಯ ರಿಸೀವರ್ ವಿನ್ಯಾಸದ ಕಷ್ಟ.

ಇದರ ಜೊತೆಗೆ ಹೃದಯ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಪ್ರತಿ ಮಿಡಿತಕ್ಕೂ ಎರಡು ಗುಳಿಗೆಗಳ ನಡುವಿನ ಅಂತರ, ಮುಖ ಮಾಡಿದ ದಿಕ್ಕು ಬದಲಾಗುತ್ತವೆ. ಎಡಮಗ್ಗುಲಾಗಿ ಮಲಗಿದರೆ ಒಂದು ರೀತಿ, ಎದ್ದು ನಿಂತರೆ ಇನ್ನೊಂದು ರೀತಿ. ಒಂದು ಭಂಗಿಯಲ್ಲಿ ಸ್ಪಷ್ಟವಾಗಿ ಕೇಳಿದ ಮಾತು ಇನ್ನೊಂದರಲ್ಲಿ ಕ್ಷೀಣವಾಗಬಹುದು. ಆದ್ದರಿಂದ ಸಂದೇಶ ತಪ್ಪಿದರೂ ಕೆಳಗಿನ ಗುಳಿಗೆ ತನ್ನಷ್ಟಕ್ಕೆ ತಾನು ಮಿಡಿಸುತ್ತಲೇ ಇರುವಂತೆ ಏರ್ಪಾಡು ಇರುತ್ತದೆ. ಮಾತು ತಪ್ಪಿದರೆ ತಾಳ ತಪ್ಪುತ್ತದೆಯೇ ಹೊರತು ಜೀವಕ್ಕೆ ಆಧಾರ ತಪ್ಪುವುದಿಲ್ಲ.

ಈ ರೀತಿ ಮಾತನಾಡುವ ಜೋಡಿ ಗುಳಿಗೆಗೆ, ಅವೇರ್ ಡಿಆರ್ ಎಂಬ ಸಾಧನಕ್ಕೆ, ಅಮೆರಿಕದಲ್ಲಿ 2023ರ ಜುಲೈಯಲ್ಲಿ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ 300 ರೋಗಿಗಳಿದ್ದರು. ನೂರಕ್ಕೆ 98 ಮಂದಿಯಲ್ಲಿ ಎರಡೂ ಗುಳಿಗೆಗಳನ್ನು ಕೂರಿಸಿ ಅವುಗಳ ನಡುವೆ ಮಾತುಕತೆ ಸ್ಥಾಪಿಸಲು ಸಾಧ್ಯವಾಯಿತು. ಮೂರು ತಿಂಗಳ ನಂತರವೂ ಬಹುತೇಕ ಎಲ್ಲರಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳ ತಾಳ ಸಮರ್ಪಕವಾಗಿ ಹೊಂದಿತ್ತು. ಆದರೆ ಮೊದಲ 90 ದಿನಗಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ತೊಡಕುಗಳೂ ಆದವು. ಎರಡು ಅಧ್ಯಯನಗಳನ್ನು ನೇರವಾಗಿ ತಕ್ಕಡಿಗೆ ಹಾಕಿ ತೂಗುವುದು ಸರಿಯಲ್ಲ. ಆದರೂ ಒಂದು ಮಾತು ಹೇಳಬಹುದು. ತಂತಿ ಹೋದರೆ ತಂತಿಯ ತೊಡಕು ಹೋಗುತ್ತದೆ, ಎಲ್ಲ ತೊಡಕೂ ಹೋಗುವುದಿಲ್ಲ. ಗುಳಿಗೆ ಜಾರಬಹುದು. ಅಪರೂಪಕ್ಕೆ ಹೃದಯದ ಗೋಡೆಗೆ ತೂತಾಗಿ ಸುತ್ತ ರಕ್ತ ತುಂಬಿಕೊಳ್ಳಬಹುದು. ಅದು ಪ್ರಾಣಕ್ಕೇ ಅಪಾಯ.

ಆಯಸ್ಸಿನ ಪ್ರಶ್ನೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಾತನಾಡುವ ಗುಳಿಗೆಯ ಬ್ಯಾಟರಿ ಮಾತನಾಡದ ಗುಳಿಗೆಯದಕ್ಕಿಂತ ಬೇಗ ಸವೆಯುತ್ತದೆ. ಜೋಡಿಯಲ್ಲೂ ಮೇಲಿನ ಕೋಣೆಯ ಗುಳಿಗೆ ಕೆಳಗಿನದಕ್ಕಿಂತ ಬೇಗ ಮುಗಿಯುತ್ತದೆ. ಮೇಲಿನದಕ್ಕೆ ಅಂದಾಜು ಐದು ವರ್ಷದ ಆಸುಪಾಸು, ಕೆಳಗಿನದಕ್ಕೆ ಅದಕ್ಕಿಂತ ಗಣನೀಯವಾಗಿ ಹೆಚ್ಚು. ಎಷ್ಟು ಮಿಡಿತ ಕೊಡಬೇಕು, ಎಷ್ಟು ಜೋರಾಗಿ ಕೊಡಬೇಕು, ಎಷ್ಟು ಮಾತನಾಡಬೇಕು ಎಂಬುದರ ಮೇಲೆ ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ಎಂಬತ್ತು ದಾಟಿದ ಅಜ್ಜನಿಗೆ ಈ ಲೆಕ್ಕ ದೊಡ್ಡದಲ್ಲದಿರಬಹುದು. ಆದರೆ ಮೂವತ್ತೈದು ವರ್ಷದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಆಕೆಗೆ ಇನ್ನೂ ನಲವತ್ತು ವರ್ಷ ಪೇಸ್‌ಮೇಕರ್ ಬೇಕು. ಐದಾರು ವರ್ಷಕ್ಕೊಂದರಂತೆ ಮೇಲಿನ ಕೋಣೆಗೆ ಎಷ್ಟು ಗುಳಿಗೆ? ಹಳೆಯದನ್ನು ತೆಗೆಯಬೇಕು, ಇಲ್ಲವೇ ಅಲ್ಲೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಕೂರಿಸಬೇಕು. ಹೃತ್ಕರ್ಣ ಒಂದು ಉಗ್ರಾಣವಲ್ಲ. ಹೊರಕ್ಕೆ ತೆಗೆಯುವ ಅನುಕೂಲವಿಟ್ಟೇ ಕೆಲವು ಗುಳಿಗೆಗಳನ್ನು ಮಾಡಿದ್ದಾರೆ, ನಿಜ. ಆದರೆ ಹಲವು ವರ್ಷ ಒಳಗಿದ್ದು ಸುತ್ತ ಮಾಂಸ ಬೆಳೆದ ಗುಳಿಗೆಯನ್ನು ತೆಗೆಯುವುದು, ಜೇಬು ತೆರೆದು ಬಿಲ್ಲೆ ಬದಲಾಯಿಸಿದಷ್ಟು ಸರಳವಲ್ಲ.

ಬ್ಯಾಟರಿಯ ಮಹತ್ವವನ್ನು ಈ ಕ್ಷೇತ್ರ ಒಮ್ಮೆ ಕಷ್ಟಪಟ್ಟೇ ಕಲಿತಿದೆ. ಮೊದಲ ಪೀಳಿಗೆಯ ನ್ಯಾನೋಸ್ಟಿಮ್ ಎಂಬ ತಂತಿಯಿಲ್ಲದ ಪೇಸ್‌ಮೇಕರಿನ ಕೆಲವು ಬ್ಯಾಟರಿಗಳು ನಿರೀಕ್ಷೆಗಿಂತ ಮೊದಲೇ ಕೈಕೊಟ್ಟ ಕಾರಣ 2016ರ ಅಕ್ಟೋಬರಿನಲ್ಲಿ ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು.

ಆದ್ದರಿಂದಲೇ ಇಂಥ ಸಾಧನಗಳ ಸುದ್ದಿಯಲ್ಲಿ 'ಪ್ರಪಂಚದ ಅತಿ ಚಿಕ್ಕ' ಎಂಬ ಮಾತನ್ನೇ ದೊಡ್ಡಕ್ಷರದಲ್ಲಿ ಹಾಕುವುದು ನನಗೆ ಸರಿಕಾಣುವುದಿಲ್ಲ. ಗುಳಿಗೆಯನ್ನು ಇನ್ನೂ ಅರ್ಧದಷ್ಟು ಮಾಡಿದರೆ ರೋಗಿಗೆ ವಿಶೇಷ ಲಾಭವಿಲ್ಲ, ಬ್ಯಾಟರಿಗೆ ಜಾಗ ಕಡಿಮೆಯಾಗಿ ನಷ್ಟವೇ ಆಗಬಹುದು. ಅದೇ ಒಳಗಿನ ರಿಸೀವರಿನ ಖರ್ಚನ್ನು ಅರ್ಧ ಮಾಡಿದರೆ ರೋಗಿಯ ಕ್ಯಾಲೆಂಡರಿಗೆ ತಿಂಗಳುಗಳು, ವರ್ಷಗಳು ಸೇರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ವೈದ್ಯಶಾಸ್ತ್ರ. ಫೋಟೋದಲ್ಲಿ ಕಾಣದ, ಜಾಹೀರಾತಿಗೆ ಒದಗದ ಈ ಮಿತವ್ಯಯದ ಕೆಲಸಕ್ಕೆ ಬೆಲೆ ಕೊಡಬೇಕು. ನಿಮ್ಮ ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಗನೋ ಮಗಳೋ ಇದ್ದರೆ ಈ ಮಾತು ಅವರ ಕಿವಿಗೂ ಬೀಳಲಿ. ಚಿಪ್ ವಿನ್ಯಾಸಕ್ಕೆ ಹೆಸರಾದ ಬೆಂಗಳೂರಿನಿಂದ ಇದು ದೂರದ ವಿಷಯವಲ್ಲ. ಒಂದು ಮೈಕ್ರೋ ಆಂಪಿಯರ್ ಉಳಿಸಿದ ಎಂಜಿನಿಯರ್ ರೋಗಿಗೆ ಒಂದು ಆಪರೇಷನ್ ಉಳಿಸಿದಂತೆ.

ಯಾರಿಗೆ ಯಾವುದು?

ತಂತಿಯಿಲ್ಲದ ಪೇಸ್‌ಮೇಕರನ್ನು ನಾನು ಬೇಡವೆನ್ನುತ್ತಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ, ಹಳೆಯ ಪೇಸ್‌ಮೇಕರಿನ ಜೇಬು ಅಥವಾ ತಂತಿಗೆ ಸೋಂಕು ತಗಲಿದ್ದವರಿಗೆ, ತೋಳಿನ ಕಡೆಯ ಅಭಿಧಮನಿಗಳು ಮುಚ್ಚಿಹೋಗಿರುವವರಿಗೆ ಅದು ನಿಜವಾದ ವರದಾನ. ಶಾಶ್ವತ ಏಟ್ರಿಯಲ್ ಫಿಬ್ರಿಲೇಷನ್ ಇರುವ ವೃದ್ಧರಿಗೆ ಒಂದೇ ಗುಳಿಗೆ ಚೆನ್ನಾಗಿ ಒಪ್ಪುತ್ತದೆ. ಉಳಿದ ಹೆಚ್ಚಿನವರಿಗೆ ಎರಡು ತಂತಿಯ ಹಳೆಯ ಪೇಸ್‌ಮೇಕರ್ ಇಂದಿಗೂ ನಂಬಿಕೆಯ ಆಳು. ಅದರ ಬೆಲೆ ತಂತಿಯಿಲ್ಲದ್ದಕ್ಕಿಂತ ಹಲವು ಪಾಲು ಕಡಿಮೆ. ಅಪ್ಪನಿಗೆ ಹಳೆಯದನ್ನು ಹಾಕಿಸಿದೆವು, ಹೊಸದು ಕೊಡಿಸಲಾಗಲಿಲ್ಲ ಎಂದು ಯಾವ ಮಗನೂ ಕೊರಗಬೇಕಾಗಿಲ್ಲ. ಸಾಲ ಮಾಡಿ, ಜಮೀನು ಮಾರಿ ಹೊಸದನ್ನೇ ಹಾಕಿಸುವುದು ಪಿತೃಭಕ್ತಿಯ ಅಳತೆಗೋಲೂ ಅಲ್ಲ.

ತಜ್ಞರ ಬಳಿ ಹೋದಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

1. ನಮ್ಮವರಿಗೆ ಮಿಡಿತ ಬೇಕಾಗಿರುವುದು ಯಾವ ಕೋಣೆಗೆ? ಒಂದಕ್ಕೋ ಎರಡಕ್ಕೋ?

2. ಒಂದೇ ಗುಳಿಗೆ ಹಾಕಿದರೆ ಮೇಲಿನ ಕೋಣೆಯೊಂದಿಗೆ ತಾಳ ಹೊಂದುತ್ತದೆಯೇ? ಹೊಂದದಿದ್ದರೆ ನಡೆಯ ಸಾಧ್ಯವಾದವರಿಗೆ ತೊಂದರೆಯಾದೀತೇ?

3. ಇವರ ಅಗತ್ಯಕ್ಕೆ ತಕ್ಕಂತೆ ಬ್ಯಾಟರಿ ಅಂದಾಜು ಎಷ್ಟು ವರ್ಷ? ಎರಡು ಗುಳಿಗೆಯಾದರೆ ಒಂದೊಂದಕ್ಕೂ ಎಷ್ಟೆಷ್ಟು?

4. ಮುಗಿದ ಮೇಲೆ ಏನು ಮಾಡುತ್ತೀರಿ? ತೆಗೆಯುತ್ತೀರೋ, ಬಿಡುತ್ತೀರೋ? ಆಗಿನ ಖರ್ಚೆಷ್ಟು?

5. ತಪಾಸಣೆಗೆ ಎಲ್ಲಿಗೆ, ಎಷ್ಟು ತಿಂಗಳಿಗೊಮ್ಮೆ ಬರಬೇಕು? ನಮ್ಮ ಊರಿಗೆ ಹತ್ತಿರದಲ್ಲಿ ಅದನ್ನು ಪರೀಕ್ಷಿಸುವ ಉಪಕರಣ ಇದೆಯೇ?

ಕೊನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಬ್ಯಾಟರಿಯ ಸ್ಥಿತಿ ತಿಳಿಯುವುದು ತಪಾಸಣೆಯಿಂದಲೇ. 'ಚೆನ್ನಾಗಿದ್ದೇನಲ್ಲ' ಎಂದು ವರ್ಷಗಟ್ಟಲೆ ಹೋಗದೆ ಇರುವುದು, ಪೆಟ್ರೋಲ್ ಮುಳ್ಳು ನೋಡದೆ ಘಾಟಿ ಹತ್ತಿದ ಹಾಗೆ.

ಆಸ್ಪತ್ರೆಗಳಿಗೂ ನನ್ನದೊಂದು ಕೋರಿಕೆ ಇದೆ. ಪೇಸ್‌ಮೇಕರ್ ಹಾಕಿಸಿಕೊಂಡವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ಸಾಧನದ ಹೆಸರಿನ ಕೆಳಗೆ ಎರಡು ಸಾಲು ಕನ್ನಡದಲ್ಲಿ ಇರಲಿ. ಬ್ಯಾಟರಿಯ ಅಂದಾಜು ಆಯಸ್ಸು ಇಷ್ಟು, ಮುಂದಿನ ತಪಾಸಣೆ ಇಂಥ ತಿಂಗಳು. ಇಂಗ್ಲಿಷಿನ ನಾಲ್ಕು ಪುಟಕ್ಕಿಂತ ಈ ಎರಡು ಸಾಲು ಮನೆಯವರಿಗೆ ಹೆಚ್ಚು ಪ್ರಯೋಜನ.

ಕೆಲವು ಎಚ್ಚರಿಕೆ

ಮೊಬೈಲ್ ಈ ಗುಳಿಗೆಗಳ ಮಾತನ್ನು ಕೆಡಿಸುತ್ತದೆಯೇ ಎಂದು ಹಲವರ ಆತಂಕ. ಅವುಗಳ ಮಾತು ರೇಡಿಯೋ ಅಲೆಯಲ್ಲಿ ಅಲ್ಲ, ಶರೀರದ ಒಳಗಿನ ವಿದ್ಯುತ್ತಿನಲ್ಲಿ ನಡೆಯುತ್ತದೆ. ಆದ್ದರಿಂದ ಮೊಬೈಲನ್ನು ಸಾಧಾರಣವಾಗಿ ಬಳಸಲು ಅಡ್ಡಿಯಿಲ್ಲ. ಯಾವ ಬಗೆಯ ಪೇಸ್‌ಮೇಕರ್ ಇದ್ದರೂ ಅದನ್ನು ಎದೆಯಿಂದ ಆರು ಇಂಚು ದೂರವಿಡುವುದು ಒಳ್ಳೆಯ ಅಭ್ಯಾಸ. ಹೆಚ್ಚು ಎಚ್ಚರ ಬೇಕಾದದ್ದು ಶರೀರದೊಳಕ್ಕೇ ಕರೆಂಟು ಅಥವಾ ಶಾಖ ಹಾಯಿಸುವ ಉಪಕರಣಗಳ ಬಗ್ಗೆ. ಮಂಡಿನೋವು, ಬೆನ್ನುನೋವಿಗೆಂದು ಫಿಸಿಯೋಥೆರಪಿಯಲ್ಲಿ ಕೊಡುವ 'ಕರೆಂಟು', ಡಯಾಥರ್ಮಿ ಶಾಖ, ಮೈಯಲ್ಲಿನ ಕೊಬ್ಬನ್ನು ಅಳೆಯುವ ತೂಕದ ಯಂತ್ರ, ಆಪರೇಷನ್ನಿನಲ್ಲಿ ರಕ್ತ ನಿಲ್ಲಿಸಲು ಬಳಸುವ ಕಾಟರಿ ಇಂಥವು. ಪೇಸ್‌ಮೇಕರ್ ಇದೆ ಎಂದು ಮೊದಲೇ ಹೇಳಿ. ಎದೆಯ ಮೇಲೆ ಗಾಯದ ಗುರುತಿಲ್ಲದ ಕಾರಣ ತಂತಿಯಿಲ್ಲದ ಪೇಸ್‌ಮೇಕರ್ ಇರುವುದು ಬೇರೆ ವೈದ್ಯರಿಗೆ ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಪೇಸ್‌ಮೇಕರ್ ಕಾರ್ಡು ಬೀರುವಿನಲ್ಲಲ್ಲ, ಜೇಬಿನಲ್ಲಿರಲಿ. ಅದರ ಒಂದು ಜೆರಾಕ್ಸ್ ಮನೆಯವರ ಬಳಿಯೂ ಇರಲಿ.

ಎರಡು ಗುಳಿಗೆಗಳು ಒಂದು ಹೃದಯದೊಳಗೆ ಕುಳಿತು ದಿನಕ್ಕೆ ಲಕ್ಷ ಸಲ ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ದೊಡ್ಡ ಸಾಧನೆಯೇ ಸರಿ. ಮುಂದೆ ಅವುಗಳ ಕಿವಿ ಇನ್ನೂ ಚುರುಕಾಗಿ, ಖರ್ಚು ಇನ್ನೂ ಕಡಿಮೆಯಾದಾಗ ತರುಣರಿಗೂ ಧೈರ್ಯವಾಗಿ ಹೇಳಬಹುದಾದ ಕಾಲ ಬರಬಹುದು. ಅಲ್ಲಿಯವರೆಗೆ, ಯಾರಾದರೂ ಆ ಪುಟ್ಟ ಗುಳಿಗೆಯನ್ನು ಅಂಗೈಯಲ್ಲಿಟ್ಟು ತೋರಿಸಿದರೆ ಮೆಚ್ಚಿಕೊಳ್ಳಿ. ಮೆಚ್ಚಿಕೊಂಡ ಮೇಲೆ ಚೀಟಿಯ ಮೂರನೆಯ ಪ್ರಶ್ನೆಯನ್ನು ತಪ್ಪದೆ ಕೇಳಿ.